ನಾನು ಕತ್ತರಿಸಿದ ಸಾಲು

ಇತಿಹಾಸವೆಂಬುದು ಸತ್ಯದ ಅಡಿಪಾಯದ ಮೇಲೆ ನಿಂತ ಮಹಾಮಂದಿರ. ಅದರ ಒಂದು ಕಲ್ಲನ್ನು ಅಲುಗಿಸಿದವನನ್ನೂ ಕಾಲ ಕ್ಷಮಿಸುವುದಿಲ್ಲ — ಎಂದು ನಾನು ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಬರೆಸಿದ್ದೇನೆ. ಕಾಲದ ಸುದ್ದಿ ನನಗೆ ಗೊತ್ತಿಲ್ಲ. ನಾನಂತೂ ಆ ಮಂದಿರದ ತಳದಿಂದ ಒಂದು ಗೇಣು ಕತ್ತರಿಸಿ ತೆಗೆದೆ. ಹೆಂಡತಿಯ ಹೊಲಿಗೆ ಕತ್ತರಿಯಿಂದ, ರವಿವಾರ ಮುಂಜಾನೆ, ಚಹಾ ಕುಡಿದಾದ ಮೇಲೆ. ಕಾಲ ನನಗೆ ಶಾಲು ಹೊದಿಸಿತು, ಹಾರ ಹಾಕಿತು, ಫೋಟೋ ತೆಗೆಸಿತು.

ಕತ್ತರಿಸಿದ್ದು ಕಾಗದ. ಕಾಗದದ ಮೇಲಿದ್ದದ್ದು ಒಬ್ಬ ಸತ್ತ ಮನುಷ್ಯನ ಹೆಸರು. ಆ ಹೆಸರನ್ನು ಕಾಯ್ದುಕೊಂಡು ಬಂದವಳು ಆಗ ಭೂಮಿಯ ಮೇಲೆ ಒಬ್ಬಳೇ ಇದ್ದಳು; ಅವಳ ಬಾಯಿಂದಲೂ ಅದನ್ನು ಕಿತ್ತುಕೊಂಡೆ. ಹಾಗೆ ಮಾಡು ಎಂದು ನನಗೆ ಯಾರೂ ಹೇಳಿರಲಿಲ್ಲ — ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಗೌಡರು ಬರುತ್ತಾರೆ, ಸಮಿತಿ ಬರುತ್ತದೆ, ಮಾದಲಿ ತುಪ್ಪ ಬರುತ್ತದೆ. ಓದುವವರು ಕರುಣಾಳುಗಳಾಗಿದ್ದರೆ ತಪ್ಪನ್ನು ಅವುಗಳಿಗೆ ಹಂಚಿಬಿಡುವ ಸಂಭವವಿದೆ. ಹಂಚಬೇಡಿ.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ಜಿಲ್ಲೆಯ ಇತಿಹಾಸ, ಜನ, ಸಂಸ್ಕೃತಿ ಎಲ್ಲವನ್ನೂ ಒಂದೇ ಗ್ರಂಥದಲ್ಲಿ ಕಟ್ಟಿಹಾಕಬೇಕೆಂದು ಒಂದು ಸಮಿತಿ ಹುಟ್ಟಿತು. ನಮ್ಮ ಕಡೆಯ ನಾಲ್ಕು ಊರುಗಳ ಭಾಗಕ್ಕೆ ಐದು ಮಂದಿ ಲೇಖಕರು. ಮೊದಲ ಸಭೆಯಲ್ಲೇ ಯುದ್ಧ. ಕಿತ್ತೂರಿನವರು ಕೋಟೆಗೆ ನಲವತ್ತು ಪುಟ ಬೇಕೆಂದರು. ಸವದತ್ತಿಯವರು ನಿಮ್ಮ ಕೋಟೆ ಬಿದ್ದದ, ನಮ್ಮ ಗುಡ್ಡ ನಿಂತದ ಎಂದು ಐವತ್ತು ಕೇಳಿದರು. ರಾಮದುರ್ಗದವರು ಸಂಸ್ಥಾನದ ಗತ್ತಿನಲ್ಲಿ ಏನನ್ನೂ ಕೇಳದೆ ಎಪ್ಪತ್ತು ಪುಟ ಬರೆದುಕೊಂಡೇ ಬಂದಿದ್ದರು. ಬೈಲಹೊಂಗಲವನ್ನು ನನಗಿಂತ ಹಿರಿಯರಾದ ಪ್ರಾಧ್ಯಾಪಕರೊಬ್ಬರು ತೆಗೆದುಕೊಂಡರು. ನನ್ನ ಪಾಲಿಗೆ ಬಂದದ್ದು ‘ಉಳಿದ ಹಳ್ಳಿಗಳು’. ನಡಾವಳಿಯ ಪುಸ್ತಕದಲ್ಲಿ ಹಾಗೆಯೇ ಬರೆದಿದ್ದರು.

ನನಗೇನೂ ಬೇಜಾರಾಗಲಿಲ್ಲ. ನನ್ನ ಚಟವೇ ಅದು. ಹಳ್ಳಿಯ ಅಂಚಿನಲ್ಲಿ, ತಿಪ್ಪೆಯ ಹಿಂದೆ, ಎಮ್ಮೆ ಮೈ ತಿಕ್ಕಿಕೊಳ್ಳುವಲ್ಲಿ ಒಂದು ಕಲ್ಲು ಸೊಟ್ಟಗೆ ನಿಂತಿತ್ತೆಂದರೆ — ಇದೇನು, ಇದನ್ನು ಇಲ್ಲಿ ಯಾರು ನಿಲ್ಲಿಸಿದರು, ಯಾಕೆ — ಹೊಟ್ಟೆಯಲ್ಲಿ ಒಂದು ತುರಿಕೆ. ಊರವರಿಗೆ ಅದು ಕಲ್ಲು. ನನಗೆ ಅದು ಒಡೆಯದ ಲಕೋಟೆ. ಬೇರೆಯವರ ಲಕೋಟೆ ಒಡೆಯುವುದು ಸಭ್ಯತೆಯಲ್ಲ ಎಂಬುದು ಆಗ ಹೊಳೆಯಲಿಲ್ಲ.

ಮುನವಳ್ಳಿಗೂ ಸಿರಸಂಗಿಗೂ ನಡುವೆ ಒಂದು ಊರು. ಹೆಸರು ಹೇಳುವುದಿಲ್ಲ, ಆ ಊರಿಗೆ ನಾನು ಮಾಡಿದ್ದು ಸಾಕು. ಊರ ಹೊರಗಿನ ಕೇರಿಗೆ ಹೋಗುವ ದಾರಿಯ ಬಾಯಿಯಲ್ಲಿ, ಬೇವಿನ ಗಿಡದ ಬುಡದಲ್ಲಿ ಒಂದು ವೀರಗಲ್ಲು — ಊರಿಗಾಗಿ ಕಾದಾಡಿ ಸತ್ತವನ ನೆನಪಿಗೆ ನಿಲ್ಲಿಸುವ ಕಲ್ಲು. ಮೇಲಿನ ಪಟ್ಟಿಯಲ್ಲಿ ವೀರ ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ, ನಡುವಿನದರಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೊರಟಿದ್ದಾರೆ. ಕೆಳಗಿನ ಪಟ್ಟಿ, ಕಾಳಗದ್ದು, ಅರ್ಧ ನೆಲದಲ್ಲಿ ಹೂತಿತ್ತು. ಪಟ್ಟಿಗಳ ನಡುವೆ ಅಕ್ಷರ. ಇಡೀ ಕಲ್ಲು ಎಣ್ಣೆ ಕುಡಿದು ಕುಡಿದು ಕರ್ರಗೆ ಹೊಳೆಯುತ್ತಿತ್ತು.

ಇಂಥ ಕಲ್ಲಿನಿಂದ ಪಡಿಯಚ್ಚು ತೆಗೆಯುವುದು ಒಂದು ಕೆಲಸ. ಕಲ್ಲನ್ನು ತಿಕ್ಕಿ ತೊಳೆಯಬೇಕು, ತೊಯ್ಸಿದ ಕಾಗದ ಅಂಟಿಸಬೇಕು, ಅಕ್ಷರದ ಗುಳಿಗಳಲ್ಲಿ ಕಾಗದ ಕೂಡುವ ಹಾಗೆ ಬ್ರಶ್ಶಿನಿಂದ ಬಡಿಯಬೇಕು, ಮೇಲೆ ಮಸಿಯ ಗಂಟಿನಿಂದ ಒತ್ತಬೇಕು. ಕಾಗದ ಕಪ್ಪಾಗುತ್ತದೆ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಎಣ್ಣೆಗಲ್ಲಿಗೆ ಕಾಗದ ಅಂಟುವುದಿಲ್ಲ. ಸೀಗೆಪುಡಿ ಹಚ್ಚಿ ತಿಕ್ಕುತ್ತಿದ್ದೆ.

“ಯಾಕ್ರೀ ಸಾಹೇಬ್ರ, ನಮ್ಮ ಕೇತಪ್ಪಜ್ಜಗ ತಲಿ ತೊಳ್ಯಾಕ ಹತ್ತೀರಿ? ಇನ್ನೂ ಅಮಾಸಿ ದೂರ ಐತಲ್ಲ.”

ತಿರುಗಿ ನೋಡಿದೆ. ಕಟ್ಟಿಗೆ ಹೊರೆ ಇಳಿಸಿ ಸೊಂಟಕ್ಕೆ ಕೈಕೊಟ್ಟು ನಿಂತ ಮುದುಕಿ. ಕೇರಿಯ ಫಕೀರವ್ವ. ನನ್ನ ತಾಯಿಯ ವಯಸ್ಸು. ನಾನು ಅವಳಿಗೆ ‘ನೀ’ ಎಂದೆ, ಅವಳು ನನಗೆ ‘ರೀ’ ಎಂದಳು. ಆಗ ಅದು ಕಿವಿಗೆ ಸಹಜವಾಗಿಯೇ ಕೇಳಿತ್ತು.

“ಕೇತಪ್ಪಜ್ಜ ಅಂದ್ರ ಯಾರು?”

“ಇಂವಾ. ನಮ್ಮ ಮನಿ ಹಿರ್ಯಾ. ಕಳ್ರು ಊರ ದನ ಹೊಡಕೊಂಡು ಹೊಂಟಿದ್ರಂತ. ಬಿಡಿಸಿಕೊಂಡು ಬರೂಮುಂದ ಸತ್ತಾನ. ಎಡಗಾಲ ತೊಡಿಗೆ ಬಾಣ ನಟ್ಟಿತ್ತಂತ. ಅದಕ್ಕ ನಮ್ಮ ಮನ್ಯಾಗ ಗಂಡು ಕೂಸು ಹುಟ್ಟಿದ್ರ ಮೊದಲ ಎಡದೊಡಿಗೆ ಎಣ್ಣಿ ಹಚ್ಚೂದು. ಆಮ್ಯಾಲ ತಲಿಗೆ.”

“ಇದನ್ನ ನಿನಗ ಯಾರು ಹೇಳ್ಯಾರ?”

“ನಮ್ಮತ್ತಿ.”

“ಅಕಿಗೆ?”

“ಅಕಿ ಅತ್ತಿ. ಮತ್ಯಾರು ಹೇಳ್ತಾರ, ನಿಮ್ಮಂಗ ಸಾಲಿಗೆ ಹೋಗೇವೇನು ನಾವು?”

ನಾನು ನಕ್ಕೆ. ವಿದ್ವಾಂಸರು ನಗುವ ಹಾಗೆ — ಮೂಗಿನಿಂದ. ಎಂಟುನೂರು ವರ್ಷ ಹಳೆಯ ಕಲ್ಲು. ಅತ್ತೆ ಸೊಸೆಯರ ಬಾಯಲ್ಲಿ ಒಂದು ಹೆಸರು ಅಷ್ಟು ದೂರ ಬರುವುದುಂಟೆ? ಆದರೂ ಆ ತುರಿಕೆ... ಕೆಳಗಿನ ಪಟ್ಟಿ ನೋಡಬೇಕಾಗಿತ್ತು. ಅಗೆಯಲು ನನ್ನ ಹತ್ತಿರ ಏನೂ ಇರಲಿಲ್ಲ. ಅವಳೇ ಮನೆಗೆ ಹೋಗಿ ಕಳೆ ತೆಗೆಯುವ ಕುರ್ಪಿ ತಂದುಕೊಟ್ಟಳು. “ಮೆತ್ತಗ ಅಗೀರಿ, ಪಾದಕ್ಕ ತಾಗೀತು” ಎಂದಳು.

ಒಂದು ಮೊಳ ಅಗೆದೆ. ದನಗಳು ಕಂಡವು, ಒಂದರ ಹಿಂದೊಂದು. ಅವುಗಳ ಮುಂದೆ ಬಿಲ್ಲು ಹಿಡಿದ ವೀರ. ಅವನ ಎಡದೊಡೆಯಲ್ಲಿ ಒಂದು ಬಾಣ.

ಫಕೀರವ್ವ ಬಗ್ಗಿ ನೋಡಿದಳು. ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. “ಹಾಂ, ನಟ್ಟೈತಿ” ಎಂದಳು, ಕಳೆದ ವಾರ ನೋಡಿದ್ದನ್ನೇ ಮತ್ತೆ ನೋಡಿದವರ ಹಾಗೆ. ಅದರ ಕೆಳಗೆ ಇನ್ನೊಂದು ಸಾಲು ಅಕ್ಷರವಿತ್ತು. ಮಣ್ಣು ತೊಳೆದು ಅದರ ಅಚ್ಚನ್ನೂ ಸೇರಿಸಿ ತೆಗೆದೆ, ಗುಂಡಿ ಮುಚ್ಚಿದೆ, ಕಾಗದ ಸುರುಳಿ ಸುತ್ತಿ ಮುನವಳ್ಳಿಯ ಟೆಂಪೋ ಹತ್ತಿದೆ.

ಓದಿದ್ದು ಮನೆಯಲ್ಲಿ, ಮರುದಿನ ಮಧ್ಯಾಹ್ನ. ಪಡಸಾಲೆಯ ನೆಲದ ಮೇಲೆ ಕಾಗದ ಹಾಸಿ ನಾಲ್ಕು ಮೂಲೆಗೆ ನಾಲ್ಕು ಬಟ್ಟಲು ಇಟ್ಟು ಅಂಬೆಗಾಲಿನಲ್ಲಿ ತಿರುಗಿದೆ. ಮೇಲಿನ ಸಾಲುಗಳಲ್ಲಿ ಅರಸನ ಹೊಗಳಿಕೆ, ಊರಿನ ಹೆಸರು, ತುರುಗಳನ್ನು ಬಿಡಿಸಿ ಸ್ವರ್ಗಕ್ಕೆ ಹೋದ ಸಂಗತಿ, ‘ಗಾವುಂಡ ಬೊಮ್ಮ ನಿಲಿಸಿದ ಕಲ್ಲು’ ಎಂಬ ಮಾತು. ಗಾವುಂಡ ಎಂದರೆ ಆ ಕಾಲದ ಊರಗೌಡ. ಸತ್ತವನು ಯಾರೆಂಬುದು ಮೇಲೆ ಎಲ್ಲೂ ಇರಲಿಲ್ಲ. ಅದು ಇದ್ದದ್ದು ಕೊನೆಯ ಸಾಲಿನಲ್ಲಿ. ಫಕೀರವ್ವನ ಕೇರಿಯವರನ್ನು ಹಳೆಯ ಕಾಲದಲ್ಲಿ ಯಾವ ಶಬ್ದದಿಂದ ಕರೆಯುತ್ತಿದ್ದರೋ ಆ ಶಬ್ದ. ಅದರ ಮುಂದೆ — ಮಾಚನ ಮಗ ಕೇತ.

ನಾನು ಕೂಗಿದೆ. ನಿಜವಾಗಿ ಕೂಗಿದೆ. “ಕೇತ! ಅದಾನ! ಕೇತ ಅದಾನ!”

ಅಡಿಗೆಮನೆಯಿಂದ ನನ್ನ ಹೆಂಡತಿ: “ಯಾರ್ ಬಂದಾರ? ಇದ್ದದ್ದ ನಾಕ ರೊಟ್ಟಿ.”

ಆ ಸಂತೋಷವನ್ನು ಹೇಗೆ ಹೇಳಲಿ? ಮೂವತ್ತು ತಲೆಮಾರಿನ ಅತ್ತೆಯರು ಮೂವತ್ತು ತಲೆಮಾರಿನ ಸೊಸೆಯರ ಕಿವಿಯಲ್ಲಿ ಹೇಳಿದ ಹೆಸರು ಒಂದಕ್ಷರ ಕೆಡದೆ ಬಂದಿತ್ತು. ಅವರಲ್ಲಿ ಒಬ್ಬಳಿಗೂ ಓದು ಬರುತ್ತಿರಲಿಲ್ಲ. ನನ್ನ ಜೀವಮಾನದಲ್ಲಿ ಅಂಥದ್ದು ಮತ್ತೆ ಸಿಗಲಿಲ್ಲ. ಸಿಕ್ಕಿದ್ದನ್ನು ನಾನು ಹತ್ತು ದಿನ ಇಟ್ಟುಕೊಂಡೆ. ಹತ್ತೇ ದಿನ.

ಹತ್ತನೆಯ ದಿನ ಆ ಊರಿನ ಗೌಡರು ಊಟಕ್ಕೆ ಕರೆದರು. ಒಳ್ಳೆಯ ಮನುಷ್ಯ, ದೊಡ್ಡ ಕುಳ, ದೊಡ್ಡ ದನಿ. ನಮ್ಮ ಗ್ರಂಥ ಸಮಿತಿಯ ಅಧ್ಯಕ್ಷರು ಅವರ ದೊಡ್ಡಪ್ಪನ ಮಗ. ಅಂದು ಅವರೂ ಬಂದಿದ್ದರು. ಎಲೆಯಲ್ಲಿ ಗೋಧಿ ಬೆಲ್ಲದ ಮಾದಲಿ, ಮೇಲೆ ತುಪ್ಪ, ಬದಿಗೆ ಕಾಸಿದ ಹಾಲು. ಹತ್ತು ಹನ್ನೆರಡು ಮಂದಿ ಪಂಕ್ತಿಯಲ್ಲಿ. ಗೌಡರು ಎದುರಿಗೆ ಕೂತು ಕೇಳಿದರು:

“ಮಾಸ್ತರ, ಕೇರಿ ಬಾಯಾಗಿನ ಕಲ್ಲು ಓದೀರಂತ. ನಮ್ಮ ಹಿರೇರ ಹೆಸರೇನರ ಬಂದೈತೇನ್ರಿ ಅದರಾಗ?”

ಬಾಯಲ್ಲಿ ಮಾದಲಿ ಇತ್ತು. ನುಂಗಿದೆ. “ಬಂದೈತ್ರಿ” ಎಂದೆ.

ಸುಳ್ಳಲ್ಲ. ಕಲ್ಲು ನಿಲ್ಲಿಸಿದ ಬೊಮ್ಮಗಾವುಂಡ ಅವರ ಹಿರಿಯನೇ ಇರಬಹುದು. ಇನ್ನೊಂದು ವಾಕ್ಯ ಮಾತ್ರ ಬಾಕಿ ಇತ್ತು — ಸತ್ತವನು ಕೇರಿಯ ಕೇತ, ನಿಮ್ಮ ಹಿರಿಯ ಅವನಿಗೆ ಕಲ್ಲು ನಿಲ್ಲಿಸಿದ ಪುಣ್ಯಾತ್ಮ ಎಂಬುದು. ಆದರೆ “ಬಂದೈತ್ರಿ” ಎಂದದ್ದೇ ತಡ, ಪಂಕ್ತಿ ತುಂಬ ಗದ್ದಲ.

“ನಾ ಹೇಳಿದ್ನಿಲ್ಲ? ನಮ್ಮಜ್ಜ ಹೇಳತಿದ್ದ!”

“ಹಂಗಾರ ಆ ವೀರ ನಮ್ಮಾಂವ!”

“ಏ, ಮಾಸ್ತರಿಗೆ ತುಪ್ಪ ಹಾಕ್ರಲೇ, ಏನ್ ನೋಡಕೋತ ನಿಂತೀರಿ!”

ತುಪ್ಪ ಹಾಕಿದರು. ಅಧ್ಯಕ್ಷರು ನನ್ನ ಕಡೆ ಬಾಗಿ, “ಸಂಪಾದಕರ ಸಾಲಿನ್ಯಾಗ ನಿಮ್ಮ ಹೆಸರ ಹಾಕೂದ ಚಲೋ ಅನಸ್ತೈತಿ” ಎಂದರು. ಎಲೆಯ ಮುಂದೆ ಕೂತು ಇನ್ನೊಂದು ವಾಕ್ಯ ಹೇಳಲು ಬಾಯಿ ತೆರೆದೆ... ತೆರೆದ ಬಾಯಿಗೆ ಮಾದಲಿ ಇಟ್ಟುಕೊಂಡೆ.

ಹೆದರಿಕೆಯೇ? ಅಲ್ಲ. ಯಾರು ಹೆದರಿಸಿದ್ದರು? ಸಂಕೋಚವೇ? ಇರಬಹುದು. ಇಷ್ಟು ಮಂದಿ ಖುಷಿಯಲ್ಲಿದ್ದಾಗ ನೀರು ಹೊಯ್ಯುವುದು ಹೇಗೆ ಎಂಬ ಸಂಕೋಚ. ಅದರ ಅಡಿಯಲ್ಲಿ ಇನ್ನೊಂದಿತ್ತು. ಸಂಪಾದಕರ ಸಾಲು. ಮುಖಪುಟದ ಒಳಗಿನ ಹಾಳೆಯಲ್ಲಿ ನನ್ನ ಹೆಸರು, ದಪ್ಪ ಅಕ್ಷರದಲ್ಲಿ. ಒಬ್ಬನ ಹೆಸರು ಕಳೆದು ಇನ್ನೊಬ್ಬನದು ಕೂಡಿಸುವ ಲೆಕ್ಕ ಅಷ್ಟು ಸುಲಭವಾಗಿ ಮನಸ್ಸಿನಲ್ಲಿ ಆಗುತ್ತದೆಂದು ನನಗೆ ಗೊತ್ತಿರಲಿಲ್ಲ. ಗಣಿತದಲ್ಲಿ ನಾನು ಸದಾ ಹಿಂದೆ.

ಮುಂದಿನ ರವಿವಾರ ಕತ್ತರಿ ತೆಗೆದುಕೊಂಡೆ. ಪಡಿಯಚ್ಚಿನ ಫೋಟೋ ಗ್ರಂಥದಲ್ಲಿ ಅಚ್ಚಾಗಬೇಕಿತ್ತು. ಬೇರೆ ಓದುಬಲ್ಲವರು ನೋಡುತ್ತಾರಲ್ಲ. ಕೊನೆಯ ಸಾಲು ಇದ್ದ ಗೇಣಗಲದ ಪಟ್ಟಿಯನ್ನು ನೇರವಾಗಿ, ಬಹಳ ನೇರವಾಗಿ ಕತ್ತರಿಸಿದೆ. ‘ಊರ ದನಗಳನ್ನು ಬಿಡಿಸಿ ಮಡಿದ ಗಾವುಂಡ ಬೊಮ್ಮನ ವೀರಗಲ್ಲು’ ಎಂದು ಬರೆದೆ. ಪಟ್ಟಿಯನ್ನು ಸುಡಲಿಲ್ಲ. ಧೈರ್ಯವಾಗಲಿಲ್ಲ ಎಂಬುದು ಒಂದು ಕಾರಣ; ಅಚ್ಚು ಬಹಳ ಚೆನ್ನಾಗಿ ಬಂದಿತ್ತು ಎಂಬುದು ಇನ್ನೊಂದು.

ಗ್ರಂಥ ಬಂತು. ಸಂಪಾದಕರ ಸಾಲಿನಲ್ಲಿ ಜಾಗ ಸಾಲದೆ ನನ್ನ ಹೆಸರು ಕೊನೆಯ ಪುಟಕ್ಕೆ, ‘ಸಹಕರಿಸಿದವರು’ ಎಂಬಲ್ಲಿಗೆ ಹೋಗಿತ್ತು. ಊಟ ತಿಂಡಿ ವ್ಯವಸ್ಥೆ ಮಾಡಿದವರ ನಂತರ. ಮೋಸ ಹೋದೆ ಎಂದು ಎರಡು ದಿನ ಸಿಟ್ಟಿನಿಂದ ಊಟ ಬಿಟ್ಟೆ — ಎಂಥ ನ್ಯಾಯಪರತೆ ನೋಡಿ.

ಗೌಡರು ಪುಸ್ತಕದ ಪುಟ ಹಿಡಿದುಕೊಂಡು ಚಾವಡಿಯ ಮುಂದೆ ಕಟ್ಟೆ ಕಟ್ಟಿಸಿದರು. ಬೇವಿನ ಬುಡದಿಂದ ಕಲ್ಲನ್ನು ಕಿತ್ತು ಎಂಟು ಮಂದಿ ಹೊತ್ತು ತಂದರು. ಕಲ್ಲು ಅಡ್ಡ ಮಲಗಿದ್ದಾಗ ಕೊನೆಯ ಸಾಲು ಬಿಸಿಲಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಅದನ್ನು ಓದಬಲ್ಲವನು ಆ ಸುತ್ತಿನಲ್ಲಿ ಒಬ್ಬನೇ ಇದ್ದ. ಅವನಿಗೆ ಶಾಲು ಹೊದಿಸಿ, ಹಾರ ಹಾಕಿ, ಕುರ್ಚಿಯಲ್ಲಿ ಕೂಡಿಸಿದ್ದರು. ಗೌಂಡಿ ಕಲ್ಲನ್ನು ನಿಲ್ಲಿಸಿ ಒಂದು ಮೊಳ ಎತ್ತರ ಸಿಮೆಂಟು ತುಂಬಿದ. ದನಗಳು ಮುಚ್ಚಿದವು, ಬಾಣ ಮುಚ್ಚಿತು, ಕೇತ ಮುಚ್ಚಿದ. ಸುತ್ತ ಕಬ್ಬಿಣದ ಜಾಳಿಗೆ, ಅದಕ್ಕೊಂದು ಬೀಗ. ಕೈಮುಟ್ಟಿದರೆ ಕಲ್ಲು ಸವೆಯುತ್ತದೆಂದು ಬೀಗದ ಸಲಹೆ ಕೊಟ್ಟವನೂ ನಾನೇ.

ಬೋರ್ಡು ಬರೆಯುವ ಕೆಲಸ ದುರ್ಗಪ್ಪನಿಗೆ ಬಂತು. ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಹತ್ತಿರ ಅವನ ಬೋರ್ಡಿನ ಅಂಗಡಿ. ನಮ್ಮ ಪೇಟೆಯಲ್ಲಿ ಅವನಷ್ಟು ಸುಂದರವಾಗಿ ಕನ್ನಡ ಬರೆಯುವವರು ಇರಲಿಲ್ಲ. ನನ್ನ ವಿದ್ಯಾರ್ಥಿ. ಮತ್ತು ಫಕೀರವ್ವನ ಮಗ. ಬಣ್ಣ ಹಚ್ಚುವ ಮೊದಲು ನನ್ನ ಮನೆಗೆ ಬಂದ, ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತ.

“ಒಳಗ ಬಾರೋ.”

“ಇರ್ಲಿರಿ ಸರ. ಒಂದ್ ಮಾತು ಕೇಳಾಕ ಬಂದ್ನಿ. ಬೋರ್ಡಿನ ಮ್ಯಾಲ ಗಾವುಂಡ ಬೊಮ್ಮ ಅಂತ ಬರೀ ಅಂದಾರ. ನಮ್ಮವ್ವ ಬ್ಯಾರೇನ ಹೇಳತಾಳ್ರಿ. ಅಂವಾ ಕೇತಪ್ಪ, ನಮ್ಮಾಂವ, ಅಂತ ಹಟ ಹಿಡದಾಳ. ನೀವು ಓದೀರಲ್ರಿ. ಏನೈತ್ರಿ ಅದರಾಗ?”

ನನ್ನ ಜೀವನದಲ್ಲಿ ಯಾರೂ ನನಗೆ ಇಷ್ಟು ಸರಳವಾದ ಪ್ರಶ್ನೆ ಕೇಳಿಲ್ಲ. ಪಟ್ಟಿ ಎಂಟು ಹೆಜ್ಜೆ ದೂರದ ಕಪಾಟಿನಲ್ಲಿತ್ತು.

“ಪುಸ್ತಕದಾಗ ಏನೈತೋ ಅದ ಐತಿ” ಎಂದೆ.

“ನೀವು ಓದಿ ಬರದೀರಿ ಅಂದಮ್ಯಾಲ ಮುಗೀತ್ರಿ ಸರ. ಅವ್ವಗ ಹೇಳತೇನಿ” ಎಂದ.

ಹೇಳಿದ. ಅವಳು ಏನೆಂದಳೆಂಬುದು ನನಗೆ ಬಹಳ ವರ್ಷಗಳ ನಂತರ ಅವನ ಬಾಯಿಂದಲೇ ತಿಳಿಯಿತು. ಮೊದಲ ಅಮಾವಾಸ್ಯೆಗೆ ಅವಳು ಎಣ್ಣೆಯ ಬಟ್ಟಲು ಹಿಡಿದು ಚಾವಡಿಗೆ ಹೋದಳಂತೆ. ಬೀಗ ಇತ್ತು. ಕೀಲಿ ಕೇಳಿದಳು. ಅಲ್ಲಿ ಕೂತವರಲ್ಲಿ ಯಾರೋ ಪುಸ್ತಕದ ಮಾತು ಎತ್ತಿ ನಕ್ಕರಂತೆ — “ನಿಮ್ಮಜ್ಜ ಹೋಗ್ಯಾನಬೇ, ಈಗ ಗೌಡ್ರ ಅಜ್ಜ ಬಂದಾನ.” ಅವಳು ಬಟ್ಟಲು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಬಂದು ಮಗನಿಗೆ ಕೇಳಿದ್ದು ಒಂದೇ ಮಾತು:

“ಹಂಗಾರ ಇಷ್ಟು ವರ್ಸ ನಾ ಯಾರ ತಲಿಗೆ ಎಣ್ಣಿ ಹಾಕಿದ್ನೋ, ದುರ್ಗ್ಯಾ?”

ಅವಳು ಮತ್ತೆ ಆ ಕಡೆ ಹೋಗಲಿಲ್ಲ. ದುರ್ಗಪ್ಪನಿಗೆ ಗಂಡು ಮಗು ಹುಟ್ಟಿದಾಗ ಎಣ್ಣೆ ಹಚ್ಚಲು ಕೂತವಳು ಕೈ ತಡೆದು, ತಲೆಗೇ ಮೊದಲು ಹಚ್ಚಿದಳಂತೆ, ಎಲ್ಲರ ಹಾಗೆ. ಎಂಟುನೂರು ವರ್ಷ ಬಂದದ್ದು ಅಲ್ಲಿ ನಿಂತಿತು. ನಾನು ಕಲ್ಲಿನ ಮೇಲಿನ ಹೆಸರನ್ನು ಮುಚ್ಚಿದ್ದಷ್ಟೇ ಎಂದುಕೊಂಡಿದ್ದೆ. ಕಲ್ಲಿನ ಮೇಲಿನದು ಪ್ರತಿ, ಮೂಲ ಅವಳಲ್ಲಿತ್ತು.

ಈ ಶತಮಾನ ಹುಟ್ಟಿ ಎರಡು ಮೂರು ವರ್ಷಕ್ಕೆ ಫಕೀರವ್ವ ತೀರಿಕೊಂಡಳು. ಮಣ್ಣಿಗೆ ಹೋಗಿದ್ದೆ. ದುರ್ಗಪ್ಪನಿಗೆ ಆಗಲೂ ಹೇಳಲಿಲ್ಲ.

ಅದಾಗಿ ಒಂದೆರಡು ವರ್ಷಕ್ಕೆ ಗ್ರಂಥದ ಎರಡನೆಯ ಮುದ್ರಣದ ಮಾತು ಬಂತು. ಲೇಖಕರು ತಮ್ಮ ತಮ್ಮ ಭಾಗದ ತಪ್ಪುಗಳನ್ನು ತಿದ್ದಿ ಕಳಿಸಬೇಕೆಂದು ಪತ್ರ. ನಿವೃತ್ತನಾಗಿದ್ದೆ, ಬೇಕಾದಷ್ಟು ಹೊತ್ತಿತ್ತು. ಕೆಂಪು ಪೆನ್ನು ಹಿಡಿದು ಕೂತು ಆ ಊರಿನ ಪುಟಕ್ಕೆ ಬಂದಾಗ ಕೈ ನಿಂತಿತು. ಮೂವತ್ತು ವರ್ಷ ಮಕ್ಕಳ ತಪ್ಪುಗಳಿಗೆ ಎಷ್ಟು ಉತ್ಸಾಹದಿಂದ ಗೆರೆ ಎಳೆದಿದ್ದೆ... ಪಟ್ಟಿಯನ್ನು ಕಪಾಟಿನಿಂದ ತೆಗೆದು, ವರ್ತಮಾನ ಪತ್ರಿಕೆಯಲ್ಲಿ ಸುತ್ತಿ, ದುರ್ಗಪ್ಪನ ಅಂಗಡಿಗೆ ನಡೆದುಕೊಂಡು ಹೋದೆ.

ಅಂಗಡಿಯಲ್ಲಿ ಈಗ ಫ್ಲೆಕ್ಸ್ ಮಶೀನು ಕೂತಿತ್ತು. ಯಾರದೋ ಹುಟ್ಟುಹಬ್ಬದ ಮುಖ ಗಜಗಟ್ಟಲೆ ಹೊರಬರುತ್ತಿತ್ತು. ದುರ್ಗಪ್ಪ ಸ್ಟೂಲು ಹಾಕಿ ಕೂಡಿಸಿದ, ಚಹಾ ಹೇಳಿದ. ಚಹಾ ಬರುವ ಮೊದಲೇ ಎಲ್ಲ ಹೇಳಿದೆ. ಪಟ್ಟಿಯನ್ನು ಅವನ ಮೇಜಿನ ಮೇಲೆ ಹಾಸಿದೆ.

ಅವನು ಮಶೀನು ಬಂದ್ ಮಾಡಿದ.

“ಓದ್ರಿ” ಎಂದ.

ಓದಿದೆ.

“ಇನ್ನೊಮ್ಮೆ.”

ಓದಿದೆ.

“ಕೇತ ಅನ್ನೂದು ಯಾವುದ್ರಿ ಇದರಾಗ?”

ಎರಡು ಅಕ್ಷರ ತೋರಿಸಿದೆ. ಬೆರಳನ್ನು ಅವುಗಳ ಮೇಲೆ ಆಡಿಸಿದ — ಬೋರ್ಡು ಬರೆಯುವವನ ಬೆರಳು, ಎಲ್ಲಿ ಶುರು, ಎಲ್ಲಿ ತಿರುವು ಎಂದು ತಾನೇ ತಿಳಿದುಕೊಳ್ಳುವುದು. “ಚಲೋ ಕೆತ್ತ್ಯಾನ” ಎಂದ. ಆಮೇಲೆ, ನನ್ನ ಕಡೆ ನೋಡದೆ:

“ಆ ಬೋರ್ಡಿಗೆ ನಾ ಎರಡು ಕೋಟ್ ಹಚ್ಚಿದ್ನಿರಿ ಸರ. ಮ್ಯಾಲ ವಾರ್ನಿಷ್. ನಮ್ಮ ಸರ ಬರದದ್ದು, ಹತ್ತು ವರ್ಸ ತಡೀಲಿ ಅಂತ.” ಪಟ್ಟಿಯ ಮೂಲೆ ನೇರ ಮಾಡಿ, “ತಡದೈತಿ” ಎಂದ.

ಚಹಾ ಬಂತು. ಅವನೇ ಲೋಟ ನನ್ನ ಮುಂದೆ ಸರಿಸಿದ.

“ಅವ್ವ ಇದ್ದಾಗ ಯಾಕ ಹೇಳಲಿಲ್ರಿ?”

ಉತ್ತರವಿಲ್ಲದ ಹುಡುಗರನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಅವನು ನನ್ನನ್ನು ಸ್ಟೂಲಿನ ಮೇಲೆ ಕೂತೇ ಇರಗೊಟ್ಟ.

ಮರುದಿನ ಇಬ್ಬರೂ ಆ ಊರಿಗೆ ಹೋದೆವು. ಬಸ್ಸಿನಲ್ಲಿ ಅವನು ಬೇರೆ ಸೀಟಿನಲ್ಲಿ ಕೂತ. ಗೌಡರಿಗೆ ವಯಸ್ಸಾಗಿತ್ತು, ದನಿ ಮಾತ್ರ ಹಾಗೆಯೇ ಇತ್ತು. ಜಗಲಿಯ ಮೇಲೆ ನಿಂತು, ದುರ್ಗಪ್ಪನ ಎದುರಿಗೆ, ಎಲ್ಲವನ್ನೂ ಮತ್ತೆ ಹೇಳಿದೆ. ಬೈಗುಳಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಅವರು ಪಟ್ಟಿಯನ್ನು ಎರಡು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

“ಅಂದ್ರ ನಮ್ಮಾಂವ ಸತ್ತಾಂವಲ್ಲ. ಇವರಾಂವ ಸತ್ತಾಂವ, ನಮ್ಮಾಂವ ಕಲ್ಲ ನಿಲ್ಲಿಸಿದಾಂವ.”

“ಹೌದ್ರಿ.”

“ಅಷ್ಟ ಅಲ್ರಿ? ಮತ್ತ ಅವತ್ತ ಉಣ್ಣೂಮುಂದ ಪೂರ್ತಿ ಹೇಳಾಕ ಏನಾಗಿತ್ರಿ ಮಾಸ್ತರ? ನಾ ಬ್ಯಾಡ ಅಂತಿದ್ನೇನು?”

ಅನ್ನುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಈಗ ಎಪ್ಪತ್ತರ ವಯಸ್ಸಿನಲ್ಲಿ ಹೀಗೆನ್ನುವುದು ಸುಲಭ. ಅಂದು ಪಂಕ್ತಿಯಲ್ಲಿ ಏನನ್ನುತ್ತಿದ್ದರು? ತಿಳಿಯುವ ಒಂದೇ ದಾರಿ ಇತ್ತು, ಕೇಳುವುದು. ಜಗತ್ತಿನ ಕಲ್ಲುಗಳನ್ನೆಲ್ಲ ಪ್ರಶ್ನೆ ಕೇಳುತ್ತ ತಿರುಗಿದವನು ಎದುರಿಗೆ ಕೂತ ಮನುಷ್ಯನನ್ನು ಕೇಳಲಿಲ್ಲ. ಅವರ ಮನಸ್ಸಿನಲ್ಲಿ ಏನಿದೆ ಎಂದು ನಾನೇ ಓದಿಬಿಟ್ಟೆ, ಅಚ್ಚು ತೆಗೆಯದೆ. ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡುತ್ತದೆ. ಎಂಟುನೂರು ವರ್ಷದ ಹಿಂದೆ ಒಬ್ಬ ಊರಗೌಡ ಕೇರಿಯವನ ಹೆಸರನ್ನು, ಅವನ ತಂದೆಯ ಹೆಸರನ್ನು, ತನ್ನ ಹೆಸರಿನ ಕೆಳಗೇ ಆದರೂ, ಕಲ್ಲಿನಲ್ಲಿ ಕೆತ್ತಿಸಿದ್ದ. ಕೆಳಗೆ ಕೆತ್ತಿಸಿದ ಎಂದು ಅವನನ್ನು ಟೀಕಿಸಿ ನಾನೊಂದು ಲೇಖನ ಬರೆಯಬಹುದಿತ್ತು. ಅವನು ಕೆತ್ತಿಸಿದ, ಎರಡು ಡಿಗ್ರಿ ಪಡೆದ ನಾನು ಕತ್ತರಿಸಿದೆ.

ಸಿಮೆಂಟು ಒಡೆಸಿ ಸಾಲನ್ನು ಹೊರತೆಗೆಯೋಣ ಎಂದು ಗೌಡರು ಗೌಂಡಿಯನ್ನು ಕರೆಸಿದರು. ಅವನು ಬಡಿದು ನೋಡಿ, ಕಲ್ಲು ಮೆತ್ತಗಿದೆ, ಸಿಮೆಂಟು ಗಟ್ಟಿ, ಬಿಡಿಸಲು ಹೋದರೆ ಅಕ್ಷರವೇ ಸಿಮೆಂಟಿನ ಜೊತೆ ಎದ್ದು ಬರುತ್ತದೆ ಎಂದ. ದುರ್ಗಪ್ಪ ಬೇಡವೆಂದ. ಜಾಳಿಗೆಯ ಬೀಗ ತೆಗೆಸಿ ಕೀಲಿಯನ್ನು ಗೌಡರು ಅವನ ಕೈಯಲ್ಲಿ ಕೊಟ್ಟರು. ಚಾವಡಿಯಲ್ಲಿ ಕೂತವರು ಯಾರೂ ನಗಲಿಲ್ಲ.

ಎಂಟು ದಿನಕ್ಕೆ ದುರ್ಗಪ್ಪ ಹಳೆಯ ಬೋರ್ಡನ್ನು ಕೆರೆದು ಹೊಸದಾಗಿ ಬರೆದ. ಫ್ಲೆಕ್ಸ್ ಅಲ್ಲ, ಕೈಯಿಂದ. ಮೇಲೆ ಇಂದಿನ ಕನ್ನಡದಲ್ಲಿ ಇಡೀ ಸಂಗತಿ. ಕೆಳಗೆ, ಪಟ್ಟಿಯಲ್ಲಿದ್ದ ಹಾಗೆಯೇ, ಹಳೆಯ ಅಕ್ಷರದಲ್ಲಿ ಮಾಚನ ಮಗ ಕೇತ. ಬರೆಯುವ ಮೊದಲು ಒಮ್ಮೆ ಫೋನು ಮಾಡಿ, ಓದಿದ್ದು ಖಾತ್ರಿಯೇ ಎಂದು ಕೇಳಿದ. ಹೌದೆಂದೆ. “ಇನ್ನೊಬ್ಬರ ಕಡೆನೂ ಓದಸ್ತೇನಿ” ಎಂದ. ಧಾರವಾಡಕ್ಕೆ ಒಯ್ದು ಬೇರೊಬ್ಬ ಬಲ್ಲವರಿಂದ ಓದಿಸಿದ ಮೇಲೆಯೇ ಬ್ರಶ್ಶು ಹಿಡಿದ. ನನಗೆ ಅದು ನೋಯಿತು. ನೋಯಲು ನನಗೆ ಯಾವ ಹಕ್ಕಿತ್ತು ಎಂದು ಹುಡುಕಿದೆ, ಸಿಗಲಿಲ್ಲ.

ಸಮಿತಿಗೆ ನಾನು ನಾಲ್ಕು ಪುಟದ ತಪ್ಪೊಪ್ಪಿಗೆ ಬರೆದು, ಪಟ್ಟಿಯ ಫೋಟೋ ಇಟ್ಟು ಕಳಿಸಿದೆ. ಮೂರು ತಿಂಗಳಿಗೆ ಉತ್ತರ ಬಂತು. ಕಲ್ಲಿನ ಆ ಭಾಗ ಈಗ ಪರಿಶೀಲನೆಗೆ ಲಭ್ಯವಿಲ್ಲ. ಪಟ್ಟಿಯು ಮೂಲ ಪಡಿಯಚ್ಚಿನಿಂದ ಬೇರ್ಪಟ್ಟಿರುವುದರಿಂದ ಅದು ಇದೇ ಕಲ್ಲಿನದೆಂದು ಹೇಳಲು ಲೇಖಕರ ಮಾತಿನ ಹೊರತು ಬೇರೆ ಆಧಾರವಿಲ್ಲ. ಮತ್ತು ಲೇಖಕರ ಮಾತಿನ ವಿಶ್ವಾಸಾರ್ಹತೆಯ ಬಗ್ಗೆ ಲೇಖಕರೇ ನಾಲ್ಕು ಪುಟಗಳಲ್ಲಿ ಸಂದೇಹ ವ್ಯಕ್ತಪಡಿಸಿದ್ದಾರೆ. ತರ್ಕ ನಿರ್ದುಷ್ಟವಾಗಿತ್ತು. ನಾನು ಎರಡು ಸಲ ಮರುಪತ್ರ ಬರೆದೆ. ಇನ್ನೂ ಬರೆಯುತ್ತೇನೆ.

ಫಕೀರವ್ವ, ನಿಮಗೆ ಈಗ ‘ನೀವು’ ಎನ್ನುತ್ತೇನೆ, ಕೇಳಲು ನೀವಿಲ್ಲ. ನೀವು ಎಣ್ಣೆ ಹಾಕಿದ್ದು ಕೇತನ ತಲೆಗೇ. ಇಷ್ಟನ್ನು ನಿಮ್ಮ ಬಾಗಿಲಿಗೆ ಬಂದು ಹೇಳಲು ನನಗೆ ಒಂಬತ್ತು ವರ್ಷ ಸಮಯವಿತ್ತು.

ಗ್ರಂಥದ ಎರಡನೆಯ ಮುದ್ರಣ ಹೋದ ವರ್ಷ ಹೊರಬಂತು. ಆ ಊರಿನ ಪುಟದಲ್ಲಿ ಗಾವುಂಡ ಬೊಮ್ಮ ಒಬ್ಬನೇ ಇದ್ದಾನೆ.